ನೀನೇ ಆರಿಸು

"ಗೈಡಮ್ಮ, ಬೆಳಿಗ್ಗೆ ಈ ದೀಪ ಆರಿಸೋದು ಯಾರು?"

ಪ್ರವಾಸಿಗರ ಗುಂಪಿನ ಹಿಂದಿನಿಂದ ಬಂದ ಆ ದನಿಗೆ ಅವಳು ಗಕ್ಕನೆ ತಿರುಗಿದಳು. ಹಾಗೆ ಕರೆಯುತ್ತಿದ್ದವನು ಒಬ್ಬನೇ!

ಬಂದರಿನ ಈ ದೀಪಸ್ತಂಭದ ಮೆಕ್ಯಾನಿಕ್. ಎರಡು ವರ್ಷದ ಹಿಂದೆ ಒಂದು ಮಾತೂ ಹೇಳದೆ ಬೇರೆ ಬಂದರಿಗೆ ಹೊರಟುಹೋದವನು...

"ನಾನೇ," ಎಂದಳು. ದಿನವೂ ಒಪ್ಪಿಸುವ ಪಾಠ ಮುಂದುವರಿಯಿತು. "ಮೊದಲು ಇಲ್ಲಿ ಕಂಬದ ಮೇಲೆ ಸೌದೆ ಉರಿಸ್ತಿದ್ರು. ಆಮೇಲೆ ಎಣ್ಣೆ ದೀಪ ಬಂತು, ಈಗ ಕರೆಂಟು. ಹತ್ತೋಕೆ ಸಂಜೆ ಮಾತ್ರ ಬಿಡ್ತೀವಿ. ಕಂಬಿ ಹಿಡ್ಕೊಂಡು ನಿಧಾನಕ್ಕೆ ಇಳೀರಿ."

ಜನ ಇಳಿದುಹೋದರು; ಅವನೊಬ್ಬ ಉಳಿದ. ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಅದೇ ಮೆಟ್ಟಿಲು, ಅದೇ ಮಾತು... ಸಾಕಾಗಿತ್ತು. ಅಳುವುದಕ್ಕೂ ತ್ರಾಣವಿರಲಿಲ್ಲ.

"ಯಾಕೆ ಬಂದೆ?"

"ಹೊಸ ಸ್ವಿಚ್ ಹಾಕೋಕೆ. ಇನ್ನು ಬೆಳಕು ಹರಿದ್ರೆ ದೀಪ ತಾನೇ ಆರುತ್ತೆ. ಕೆಲಸ ಮುಗೀತು, ಹೊರಡ್ತೀನಿ."

"ಹೊರಡು. ಅದು ನಿನಗೆ ಅಭ್ಯಾಸ ಆಗಿದೆಯಲ್ಲ!"

ಅವನ ಮುಖ ಬಾಡಿತು. "ಗಾಯದ ಮೇಲೆ ಬರೆ ಎಳೀಬೇಡ. ಅವತ್ತು ಕೇಳಿದ್ದೆನಲ್ಲ? ವರ್ಗ ಆಗಿದೆ, ಹೋಗ್ಲೋ, ನಿನ್ನ ಕೈ ಹಿಡಿದು ಇಲ್ಲೇ ಇರ್ಲೋ, ನೀನೇ ಆರಿಸು ಅಂತ. ನೀನು ಸುಮ್ಮನೆ ಒಳಗೆ ಹೋಗಿ ದೀಪ ಆರಿಸಿ ಕೆಳಗಿಳಿದುಬಿಟ್ಟೆ. 'ಬೇಡ' ಅನ್ನೋಕೆ ಇನ್ನೇನು ಬೇಕಿತ್ತು?"

ಅವಳು ಬೆಪ್ಪಾದಳು. ಆ ಮುಂಜಾನೆ, ದೀಪದ ಕೋಣೆಯ ಹೊರಗಿನ ಬಾಲ್ಕನಿ, ಬಾಯಿಂದ ಮಾತು ಕಿತ್ತೊಯ್ಯುವ ಗಾಳಿ... ಅವಳ ಕಿವಿಗೆ ಬಿದ್ದದ್ದು ಕೊನೆಯ ಎರಡೇ ಮಾತು!

"ಅಯ್ಯೋ ದೇವರೇ! ನೀನು 'ನೀನೇ ಆರಿಸು' ಅಂದೆ, ನಾನು ದೀಪ ಆರಿಸ್ದೆ ಕಣೋ! ಬೆಳಗಾಗಿತ್ತಲ್ಲ!"

ಅವನು ತೆರೆದ ಬಾಯಿ ಮುಚ್ಚದೆ ಅವಳ ಪಕ್ಕದಲ್ಲೇ ಕೂತ. ಎರಡು ವರ್ಷದ ಅಳು, ಮುನಿಸು ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಇಬ್ಬರಿಗೂ ಸುಸ್ತಾದ ನಗು ಬಂತು. ನಗುತ್ತಲೇ ಅವಳ ಕಣ್ಣು ತುಂಬಿತು.

"ಗೈಡಮ್ಮ... ಇಲ್ಲಿ ಗಾಳಿ ಇಲ್ಲ. ಇನ್ನೊಂದ್ಸಲ ಕೇಳ್ಲಾ?"

"ಜೋರಾಗಿ ಕೇಳು."

"ಹೋಗ್ಲೋ, ಇರ್ಲೋ? ನೀನೇ ಆರಿಸು."

ಅವಳು ಅವನ ಭುಜಕ್ಕೆ ತಲೆಯೊರಗಿಸಿದಳು.

"ಆರಿಸಿದೆ."

"ದೀಪಾನಾ?"

"ನಿನ್ನನ್ನ, ಪೆದ್ದ! ದೀಪ ಹೇಗೂ ಇನ್ನು ತಾನೇ ಆರುತ್ತಲ್ಲ..."