ಹೆಬ್ಬೆರಳ ಕೆಳಗಿನ ನಂಬರ್

ಮಷಿನ್ ಒಂದೊಂದೇ ಅಕ್ಷರ ಓದುತ್ತದೆ ಅಂದರೆ, ಕೊನೆಗೆ ನನ್ನ ಹೆಸರೂ ಅದಕ್ಕೆ ಸಿಕ್ಕಿಬಿಡುತ್ತದೆಯೇ? ದುರ್ಗಿ ಬೇವಿನ ನೆರಳಲ್ಲಿ ನಿಂತು ಯೋಚಿಸುತ್ತಿದ್ದಳು.

ತಂಬ್ರಹಳ್ಳಿಯ ಸೂರ್ಯಕಾಂತಿ ಹೊಲದ ಬದುವಿನಲ್ಲಿ ಅಜ್ಜ ಪಾಲಾಕ್ಷಪ್ಪನ ಐದು ಜೇನುಪೆಟ್ಟಿಗೆಗಳಿದ್ದವು. ಎರಡನೆಯದರಲ್ಲಿ ಮರಿಗಳು ಹಳದಿಯಾಗಿ ಸಾಯುತ್ತಿದ್ದವು. ಈಗ ಐದನೆಯದರಲ್ಲೂ. ಜೇನುರೋಗ ಪರೀಕ್ಷಿಸಲು ಬಂದ ಸೌಭಾಗ್ಯ ಮೇಡಂ ಎರಡೂ ಪೆಟ್ಟಿಗೆಗಳಿಂದ ಸತ್ತ ಮರಿಗಳನ್ನು ತೆಗೆದು ಬೇರೆ ಬೇರೆ ಪುಟ್ಟ ಟ್ಯೂಬಿಗೆ ಹಾಕುತ್ತಿದ್ದರು.

"ಇದರಾಗ ಬ್ಯಾಕ್ಟೀರಿಯಾ ಇರ್ತಾವ. ಅವುಗಳೊಳಗ ನಾಲ್ಕೇ ಅಕ್ಷರದ ಉದ್ದನ ಬರಹ ಇರ್ತೈತಿ, ಜೀನೋಮ್ ಅಂತ. ಅದನ್ನ ಮಷಿನ್ ಓದತೈತಿ. ಎರಡೂ ಪೆಟ್ಟಿಗಿ ಬರಹ ಒಂದೇ ಇದ್ರ, ರೋಗ ಒಂದರಿಂದ ಇನ್ನೊಂದಕ್ಕ ದಾಟಿರಬೇಕು."

"ನಾಲ್ಕೇನಾ? ನಮ್ಮ ದುರ್ಗಿಗೆ ಐವತ್ತು ಕಲಿಯಾಕ ಎರಡು ವರ್ಷ ಬೇಕಾತ್ರಿ," ಅಂದ ಅಜ್ಜ.

ದುರ್ಗಿ ನಗಲಿಲ್ಲ. ಅಜ್ಜ ಸಂತೆಗೆ ಹೋಗಿದ್ದ ದಿನ, ಎರಡನೇ ಪೆಟ್ಟಿಗೆಯಲ್ಲಿ ಹುಳು ಕಡಿಮೆ, ಮರಿಗಳನ್ನು ನೋಡಿಕೊಳ್ಳುವವರಿಲ್ಲ ಅನ್ನಿಸಿ, ಮರಿಗಳಿದ್ದ ಜೇನುಹುಟ್ಟಿನ ಮರದ ಫ್ರೇಮೊಂದನ್ನು ಐದನೆಯದರಲ್ಲಿ ಇಟ್ಟವಳು ಅವಳೇ. ಹೋದ ವರ್ಷ ಅಜ್ಜನೂ ಹೀಗೆ ಮಾಡಿದ್ದ. ಆಗ ಮರಿಗಳು ಬದುಕಿದ್ದವು.

ಅಜ್ಜ ಐದನೆಯದರಿಂದ ಆ ಫ್ರೇಮ್ ಎತ್ತಿ ಹಿಡಿದ. ಪ್ರತಿ ಫ್ರೇಮಿನ ಮೂಲೆಯಲ್ಲೂ ಅವನು ಪೆನ್ಸಿಲಿನಿಂದ ಪೆಟ್ಟಿಗೆಯ ನಂಬರ್ ಬರೆದಿದ್ದ. ಇದರ ನಂಬರಿನ ಮೇಲೆ ಅವನ ಹೆಬ್ಬೆರಳಿತ್ತು; ಮೇಡಂಗೆ ಅದು ಕಾಣಲಿಲ್ಲ.

ಆಮೇಲೆ ಕ್ಲಾಸಿನಲ್ಲಿ ಕೂತರೂ ದುರ್ಗಿಯ ಕಣ್ಣ ಮುಂದೆ ಜೇನುಹುಳುಗಳೇ. ಒಂದೊಂದೂ ಒಂದೊಂದು ಅಕ್ಷರ ಹೊತ್ತು ಕಿಟಕಿಯಿಂದ ತೇಲಿ ಬರುತ್ತಿದ್ದವು, ಬೋರ್ಡಿನ ಮೇಲೆ ಸಾಲಾಗಿ ಕೂರುತ್ತಿದ್ದವು. ಅವಳು ಓದಿ ಮುಗಿಸುವ ಮೊದಲೇ ಬೆಲ್ ಹೊಡೆಯುತ್ತಿತ್ತು.

ತಿಂಗಳು ಕಳೆದು ಒಂದು ಸಂಜೆ ಅಜ್ಜನಿಗೆ ಮೇಡಂ ಫೋನ್ ಬಂತು. ಪಕ್ಕದಲ್ಲಿದ್ದ ದುರ್ಗಿಗೂ ಮಾತು ಕೇಳುತ್ತಿತ್ತು.

"ಎರಡೂ ಬರಹ ಒಂದೇ ಅದಾವ ನೋಡ್ರಿ. ಹೆಂಗ ದಾಟ್ತು?"

"ಎರಡನೇ ಪೆಟ್ಟಿಗಿ ಫ್ರೇಮೊಂದು ಐದಕ್ಕ ಹೋಗಿತ್ರಿ. ನಮ್ಮ ಮನಿ ಕೈಯಿಂದನ ಆಗೇತಿ. ನೀವು ಬಂದು ಹೋದ ದಿನಾನ ಆ ಫ್ರೇಮ್ ಸುಟ್ಟುಬಿಟ್ಟೆ."

ಮರುದಿನ ಅಜ್ಜ ಐದನೇ ಪೆಟ್ಟಿಗೆ ತೆರೆದ. ಹೊಸ ಮರಿಗಳು ಅನ್ನದ ಅಗುಳಿನಂತೆ ಬೆಳ್ಳಗಿದ್ದವು. ಎರಡನೇ ಪೆಟ್ಟಿಗೆ ಖಾಲಿಯಾಗಿತ್ತು.

"ಅಜ್ಜ, ಆ ಫ್ರೇಮ್ ನಾನ ಇಟ್ಟಿದ್ದೆ. ಮರಿ ಉಳೀಲಿ ಅಂತ."

ಅಜ್ಜ ಹೊಸದೊಂದು ಫ್ರೇಮನ್ನೂ ಪೆನ್ಸಿಲನ್ನೂ ಅವಳ ಕೈಗಿಟ್ಟ.

"ಐದು ಅಂತ ಬರಿ. ದಪ್ಪಗ ಬರಿ."

ಬರೆಯುತ್ತಾ ದುರ್ಗಿ ಅವನ ಹೆಬ್ಬೆರಳನ್ನು ನೋಡಿದಳು.

ತನಗೆ ಮೊದಲೇ ಗೊತ್ತಿತ್ತು ಎಂದು ಅಜ್ಜ ಯಾವತ್ತೂ ಹೇಳಲಿಲ್ಲ.