ನಿಂತುಹೋದ ಮಧ್ಯಾಹ್ನದ ಓದು

"ಸತ್ತವರ ದನಿಯನ್ನ ಇನ್ನೂ ಎಷ್ಟು ದಿನ ಓಡಿಸೋದು ಸರ್?"

ರೇಡಿಯೋ ನಿಲಯದ ಸ್ವಾಗತ ಕೊಠಡಿಯಲ್ಲಿ ನೆರೆದಿದ್ದವರೆಲ್ಲ ಬೆಚ್ಚಿಬಿದ್ದರು.

ಮಾತಾಡಿದವನು ನಿಲಯದ ಧ್ವನಿ ಸಂಪಾದಕ. ಕೊರಳಲ್ಲಿ ಹೆಡ್‌ಫೋನ್ ನೇತಾಡುತ್ತಿತ್ತು. ಅವನ ಮುಂದಿನ ಮೇಜಿನ ತುಂಬ ಹಳೆಯ ರೇಡಿಯೋಗಳು. ಒಂದರ ಆಂಟೆನಾ ಮುರಿದಿತ್ತು. ಇನ್ನೊಂದರ ಹಿಂಬದಿ ಬಿದ್ದುಹೋಗದಂತೆ ರಬ್ಬರ್ ಬ್ಯಾಂಡ್ ಹಾಕಿದ್ದರು. ಎಲ್ಲವೂ 'ಕೇಳುಗರ ಬಳಗ'ದವರು ಮನೆಗಳಿಂದ ಹೊತ್ತು ತಂದವು.

"'ಮಧ್ಯಾಹ್ನದ ಓದು' ಕಾರ್ಯಕ್ರಮ ನಿಲ್ಲಿಸಿದ್ದೀರಲ್ಲ, ಈ ಡಬ್ಬಾಗಳನ್ನೂ ನೀವೇ ಇಟ್ಕೊಳ್ಳಿ! ನಮಗೆ ಆ ಹಳೇ ದನಿ ವಾಪಸ್ ಬೇಕು, ಅಷ್ಟೇ!" ಎಂದು ಬಳಗದ ಮುಂದಾಳು ಟೈಲರ್ ಮಾಮ ಗುಡುಗಿದ್ದರು. ಅದಕ್ಕೆ ಅವನು ಕೊಟ್ಟ ಉತ್ತರ ಅದು.

ಎಲ್ಲರೂ ನಿಧಾನವಾಗಿ ಹಿಂದೆ ನಿಂತಿದ್ದ ಯುವತಿಯ ಕಡೆ ತಿರುಗಿದರು.

ಅವಳು ಕೈಯಲ್ಲಿದ್ದ ರೇಡಿಯೋವನ್ನು ರಾಶಿಯ ತುದಿಯಲ್ಲಿ ಇಟ್ಟಳು. ಸದ್ದಾಗದಂತೆ.

"ಆ ಸತ್ತವರು... ನನ್ನ ಗಂಡ," ಎಂದಳು.

ಸಂಪಾದಕನ ಮುಖದ ಬಣ್ಣವೇ ಇಳಿದುಹೋಯಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಬಾಗಿಲು ದಾಟಿದ್ದಳು.

ಬೀದಿಯಲ್ಲಿ ನಡೆಯುವಾಗ ಅವಳಿಗೆ ಸಿಟ್ಟು ಬರಲಿಲ್ಲ. ಅಳುವೂ ಬರಲಿಲ್ಲ. ಅವೆರಡೂ ಬಂದು ಬಹಳ ಕಾಲವಾಗಿತ್ತು.

*

ಅವಳು ಫಿಸಿಯೋಥೆರಪಿಸ್ಟ್. ಮನೆ ಮನೆಗೆ ಹೋಗಿ ಹಿಡಿದುಕೊಂಡ ಮಂಡಿ, ಎತ್ತಲಾಗದ ತೋಳುಗಳಿಗೆ ವ್ಯಾಯಾಮ ಮಾಡಿಸುತ್ತಿದ್ದಳು. ಎಲ್ಲರೂ ಕರೆಯುವುದು 'ಫಿಸಿಯೋ' ಅಂತಲೇ.

ಅವಳ ಗಂಡ ರೇಡಿಯೋದಲ್ಲಿ ಕಾದಂಬರಿ ಓದುತ್ತಿದ್ದ. ದಿನಕ್ಕೆ ಒಂದು ಅಧ್ಯಾಯ. ಕಣ್ಣು ಕಾಣದವರು, ಹಾಸಿಗೆ ಹಿಡಿದವರು, ಹೊಲಿಗೆ ಯಂತ್ರದ ಮುಂದೆ ಕೂತವರು, ಎಲ್ಲರಿಗೂ ಮಧ್ಯಾಹ್ನ ಅಂದರೆ ಅವನೇ. ಒಂದು ಕಾದಂಬರಿಯನ್ನು ಅರ್ಧ ಓದಿ ಅವನು ಆಸ್ಪತ್ರೆ ಸೇರಿದ. ಮರಳಲಿಲ್ಲ. ಅಂದಿನಿಂದ ನಿಲಯ ಅವನ ಹಳೆಯ ಓದುಗಳನ್ನೇ ಮತ್ತೆ ಮತ್ತೆ ಹಾಕುತ್ತಿತ್ತು.

ಅವಳು ಯಾರಿಗೂ ಹೇಳದ ಮಾತೊಂದಿತ್ತು. ಮಧ್ಯಾಹ್ನ ಯಾವ ಮನೆಗೆ ಹೋದರೂ ಅವನ ದನಿ! ಯಾರದೋ ಕಾಲು ಎತ್ತಿ ಹಿಡಿದು ಎಣಿಸುತ್ತಿರುವಾಗ, ತಲೆದಿಂಬಿನ ಪಕ್ಕದಿಂದ ಅವನು ನಗುತ್ತಿದ್ದ. ಅವಳು ಎಣಿಕೆ ತಪ್ಪದೆ ಎಣಿಸುತ್ತಿದ್ದಳು. ಹೊರಗೆ ಬಂದು ಗೇಟು ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಅಷ್ಟೇ.

ಹಾಗಾದರೆ ಬಳಗದ ಜೊತೆ ಹೋಗಿದ್ದು ಯಾಕೆ? ಅತ್ತೆಗಾಗಿ. ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಮಗನ ದನಿಯೊಂದೇ ಉಳಿದಿದೆ, ಅದನ್ನೂ ಕಿತ್ತುಕೊಂಡರೆ...?

ಬಳಗದವರು ಮಾತ್ರ ಅವಳಿಗಾಗಿ ಹೋರಾಡುತ್ತಿದ್ದೇವೆ ಎಂದುಕೊಂಡಿದ್ದರು. "ನಮ್ಮ ಹುಡುಗಿ ಬಾಯಿಬಿಟ್ಟು ಕೇಳಲ್ಲ. ನಾವಾದ್ರೂ ಕೇಳಬೇಡ್ವಾ?" ಎನ್ನುತ್ತಿದ್ದರು ಟೈಲರ್ ಮಾಮ. ಆ ಪ್ರೀತಿಯ ಮುಂದೆ ಅವಳು ಬೇಡ ಎನ್ನುವುದಾದರೂ ಹೇಗೆ?

*

ರಜೆಯ ದಿನ ಯಾರೋ ಬಾಗಿಲು ಬಡಿದರು. ತೆರೆದರೆ, ಆ ಧ್ವನಿ ಸಂಪಾದಕ! ಕೈಯಲ್ಲಿ ಅವಳ ರೇಡಿಯೋ.

"ಎಲ್ಲರದ್ದೂ ವಾಪಸ್ ಕೊಟ್ಟು ಬಂದೆ. ಕೆಟ್ಟಿದ್ದನ್ನ ರಿಪೇರಿ ಮಾಡಿದ್ದೀನಿ," ಎಂದ. ನಂತರ ತಲೆ ತಗ್ಗಿಸಿದ. "ಅವತ್ತು ಹಾಗೆ ಮಾತಾಡಬಾರದಿತ್ತು. ಕ್ಷಮಿಸಿ."

"ಯಾರೇ ಅದು?" ಒಳಗಿಂದ ಅತ್ತೆ ಕೂಗಿದರು.

"ರೇಡಿಯೋದವರು ಅತ್ತೆ."

"ಕೂರಿಸು! ಚಹಾ ಕೊಟ್ಟು ಆಮೇಲೆ ಬೈತೀನಿ."

ಅವನ ತುಟಿಯಲ್ಲಿ ನಗು ಬಂದು ಹೋಯಿತು. ಅವಳು ನಗಲಿಲ್ಲ.

ಅತ್ತೆ ಗೋಡೆ ಸವರಿಕೊಂಡು ಬರುವಷ್ಟರಲ್ಲಿ ಅವನು ಅವಸರದಿಂದ ಹೇಳಿದ. "ನಮ್ಮ ನಿಲಯದ ನಿರ್ದೇಶಕಿ ಮೇಡಂ ಹಳೇ ಧ್ವನಿಮುದ್ರಣ ಮತ್ತೆ ಹಾಕೋಕೆ ಒಪ್ಪಲ್ಲ. ಹೊಸಬರು ಯಾರಾದ್ರೂ ಓದಿದ್ರೆ ಮಾತ್ರ ಕಾರ್ಯಕ್ರಮ ಉಳಿಯುತ್ತೆ. ನಿಮ್ಮ ಯಜಮಾನರು ಅರ್ಧಕ್ಕೆ ಬಿಟ್ಟ ಕಾದಂಬರಿ ಇದೆಯಲ್ಲ... ಅದರ ಉಳಿದ ಭಾಗನ ನೀವು ಓದಿ."

ರೇಡಿಯೋ ತೆಗೆದುಕೊಳ್ಳಲು ಚಾಚಿದ್ದ ಕೈಯನ್ನು ಅವಳು ಹಿಂದಕ್ಕೆ ಎಳೆದುಕೊಂಡಳು.

"ಓಹೋ! ಗಂಡ ಬಿಟ್ಟುಹೋದ ಪುಸ್ತಕ, ಹೆಂಡತಿಯ ದನಿ. ಕೇಳಿದವರೆಲ್ಲ ಕಣ್ಣೀರು ಹಾಕ್ತಾರೆ. ನಿಮಗೂ ಒಳ್ಳೇ ಕಾರ್ಯಕ್ರಮ ಸಿಗುತ್ತೆ. ಅಷ್ಟೇ ತಾನೇ?"

"ಇಲ್ಲ... ನಾನು..."

"ಹೋಗಿ ಸರ್. ದಯವಿಟ್ಟು."

ಅವನು ರೇಡಿಯೋವನ್ನು ಕುರ್ಚಿಯ ಮೇಲಿಟ್ಟು ಹೊರಟುಹೋದ. ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು.

"ಚಹಾ ಕುಡಿಯೋಕೂ ಬಿಡಲಿಲ್ವಲ್ಲೇ! ಬೈಯೋ ಅವಕಾಶನೂ ತಪ್ಪಿಸಿದೆ."

"ಅವರು ಏನು ಕೇಳಿದ್ರು ಗೊತ್ತಾ ಅತ್ತೆ?"

"ಕೇಳಿಸ್ತು. ನನಗೆ ಕಣ್ಣಿಲ್ಲ, ಕಿವಿ ಇದೆ."

ಅತ್ತೆ ಕೂತರು. ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು. ಅವಳು ಹೋಗಿ ಕೂತಳು.

"ಒಂದು ಮಾತು ಹೇಳ್ತೀನಿ. ಬೇಜಾರು ಮಾಡ್ಕೋಬೇಡ. ಅವನು ಓದಿದ್ದೆಲ್ಲ ನನಗೆ ಬಾಯಿಪಾಠ ಆಗಿದೆ ಕಣೇ. ಎಲ್ಲಿ ಉಸಿರು ತಗೊಳ್ತಾನೆ ಅನ್ನೋದೂ ಗೊತ್ತು. ಆದ್ರೆ..." ಅತ್ತೆಯ ದನಿ ಸಣ್ಣದಾಯಿತು. "ಆ ಹುಡುಗಿ ದೋಣಿ ಹತ್ತಿದಳಾ ಇಲ್ವಾ?"

"ಯಾವ ಹುಡುಗಿ?"

"ಅವನು ಅರ್ಧಕ್ಕೆ ಬಿಟ್ಟ ಕಥೆಯಲ್ಲಿ! ಪೆಟ್ಟಿಗೆ ಹಿಡ್ಕೊಂಡು ದಡದಲ್ಲಿ ನಿಂತಿದ್ಲು. ಇನ್ನೂ ಅಲ್ಲೇ ನಿಂತಿದ್ದಾಳೆ. ಪಾಪ, ಕಾಲು ನೋಯಲ್ವಾ ಅವಳಿಗೆ?"

"ಅತ್ತೆ... ನನ್ನ ಕೇಳಿದ್ರೆ ನಾನೇ ಓದಿ ಹೇಳ್ತಿದ್ದೆನಲ್ಲ!"

"ಆ ಪುಸ್ತಕ ಇರೋ ಕಪಾಟಿನ ಹತ್ತಿರ ನೀನು ಹೋಗೋದೇ ಇಲ್ಲ. ನನಗೆ ಕೇಳಿಸಲ್ವಾ ನಿನ್ನ ಹೆಜ್ಜೆ? ಅಲ್ಲಿಗೆ ಬಂದ ಕೂಡಲೇ ಸುತ್ತಿ ಹೋಗ್ತೀಯ."

ಅವಳು ತಾನು ಅತ್ತೆಯನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಇಷ್ಟು ದಿನ ತನ್ನನ್ನು ಕಾದವರು ಯಾರು?

ಅತ್ತೆಯ ಮಡಿಲಲ್ಲಿ ತಲೆ ಇಟ್ಟಳು. ಕಣ್ಣು ಒದ್ದೆಯಾಯಿತು. ಸ್ವಲ್ಪ ಮಾತ್ರ. ಅಷ್ಟಾದರೂ ಬಂತಲ್ಲ!

*

ಮರುದಿನ ಟೈಲರ್ ಅಂಗಡಿಯಲ್ಲಿ ಬಳಗ ಸೇರಿತು. ಅತ್ತೆ ಎದ್ದು ನಿಂತು ಹೇಳಿಯೇಬಿಟ್ಟರು.

"ನಮ್ಮ ಬೇಡಿಕೆನೇ ತಪ್ಪು. ಹಳೇ ದನಿ ಬೇಡ. ಮುಂದಿನ ಅಧ್ಯಾಯ ಬೇಕು."

ಟೈಲರ್ ಮಾಮನ ಕೈಯಲ್ಲಿದ್ದ ಅಳತೆಪಟ್ಟಿ ಜಾರಿತು. "ಅಲ್ಲಮ್ಮ, ನೀವೇ ಹೀಗಂದ್ರೆ...? ಓದೋರು ಯಾರು?"

"ನನ್ನ ಸೊಸೆ. ಅವಳು ಒಪ್ಪಿದ್ರೆ."

ಅವಳು ನೆಲ ನೋಡುತ್ತಿದ್ದಳು. "ಆ ಸಂಪಾದಕರೂ ಅದನ್ನೇ ಕೇಳಿದ್ರು. ನನ್ನ ದುಃಖನ ಕಾರ್ಯಕ್ರಮ ಮಾಡೋಕೆ."

"ಯಾರು, ಆ ಹೆಡ್‌ಫೋನ್ ಹುಡುಗನಾ?" ಟೈಲರ್ ಮಾಮ ತಲೆ ಕೆರೆದುಕೊಂಡರು. "ರೇಡಿಯೋ ಕೊಡೋಕೆ ನಮ್ಮ ಮನೆಗೆ ಬಂದಿದ್ದ. ಒಳಗೆ ನೀನು ನಮ್ಮವಳ ಮಂಡಿಗೆ ವ್ಯಾಯಾಮ ಮಾಡಿಸ್ತಿದ್ದೆ. 'ಇನ್ನೊಂದೇ ಒಂದು ಸಲ... ಆಯ್ತು, ಆಯ್ತು' ಅಂತ. ಅವನು ಬಾಗಿಲ ಹೊರಗೇ ನಿಂತುಬಿಟ್ಟ. ಬಾರಪ್ಪ ಒಳಗೆ ಅಂದ್ರೂ ಬರಲಿಲ್ಲ. 'ಒಳಗೆ ಇರೋದು ಯಾರು? ಆ ದನಿ ಕೇಳಿದ್ರೆ ನೋವಿರೋರಿಗೆ ಧೈರ್ಯ ಬರುತ್ತೆ' ಅಂದ. ನೀನೇ ಅಂತ ನಾನು ಹೇಳಿದ ಮೇಲೆ ಮುಖ ಸಪ್ಪಗೆ ಮಾಡ್ಕೊಂಡು, 'ಅಯ್ಯೋ, ಓದೋಕೆ ಬನ್ನಿ ಅಂತ ಇನ್ನು ಕೇಳೋದು ಹೇಗೆ!' ಅಂದ."

ಅವಳ ಕಿವಿ ಬಿಸಿಯಾಯಿತು. ಅದು ಸತ್ತವನ ಹೆಂಡತಿಯ ದನಿ ಎಂದು ತಿಳಿಯುವ ಮುಂಚೆಯೇ ಅವನು ಅದನ್ನು ಮೆಚ್ಚಿಕೊಂಡಿದ್ದ!

ಛೆ... ಏನೆಲ್ಲ ಅಂದುಬಿಟ್ಟೆ!

"ನಾನು ಓದ್ತೀನಿ," ಎಂದಳು.

ಇನ್ನು ನಿರ್ದೇಶಕಿಯನ್ನು ಒಪ್ಪಿಸಬೇಕಿತ್ತು. ಮಧ್ಯಾಹ್ನದ ಓದಿನ ಹೊತ್ತಿಗೆ ಈಗ ಹಾಡಿನ ಕಾರ್ಯಕ್ರಮ ಬರುತ್ತಿತ್ತು. ಕೇಳುಗರು ಫೋನ್ ಮಾಡಿ ಬೇಕಾದ ಹಾಡು ಕೇಳಬಹುದು, ಅದೂ ನೇರ ಪ್ರಸಾರದಲ್ಲಿ. ಬಳಗ ಆ ದಾರಿಯನ್ನೇ ಹಿಡಿಯಿತು.

"ಹಲೋ, ನಿಮಗೆ ಯಾವ ಹಾಡು ಬೇಕು?"

"ಹಾಡು ಬೇಡಮ್ಮ. ಆ ಹುಡುಗಿ ದೋಣಿ ಹತ್ತಿದಳಾ ಇಲ್ವಾ, ಅಷ್ಟು ಹೇಳಿ."

ಮುಂದಿನ ಕರೆ. "ಹಲೋ... ಯಾವ ಹಾಡು?"

"ದೋಣಿ ಏನಾಯ್ತು?"

ವಾರ ತುಂಬುವಷ್ಟರಲ್ಲಿ ಬಳಗಕ್ಕೆ ಸೇರದವರೂ ಕೇಳತೊಡಗಿದರು. ಲಾರಿ ಓಡಿಸುವವನೊಬ್ಬ, "ಕಥೆ ನನಗೆ ಗೊತ್ತಿಲ್ಲ. ಆದ್ರೂ ದೋಣಿ ವಿಷಯ ಗೊತ್ತಾಗದೆ ಮನಸ್ಸಿಗೆ ಸಮಾಧಾನ ಇಲ್ಲ!" ಎಂದ. ನಿರೂಪಕಿ ನೇರ ಪ್ರಸಾರದಲ್ಲೇ ನಕ್ಕುಬಿಟ್ಟಳು.

ನಿರ್ದೇಶಕಿ ಸಂಪಾದಕನನ್ನು ಕರೆದರು. "ಈ ದೋಣಿ ಕಾಟ ತಪ್ಪಿಸಪ್ಪ! ಬಳಗದವರು ಹೇಳ್ತಿರೋ ಆ ಫಿಸಿಯೋ ಒಂದು ದಿನ ಓದಲಿ. ಚೆನ್ನಾಗಿದ್ರೆ ಮುಂದುವರಿಯಲಿ. ಇಲ್ಲದಿದ್ರೆ ಅವತ್ತಿಗೇ ಮುಗೀತು."

*

ಸ್ಟುಡಿಯೋ ತುಂಬ ಚಿಕ್ಕದು. ಒಂದು ಮೇಜು, ಒಂದು ಮೈಕ್, ಗಾಜಿನಾಚೆ ಅವನು.

"ಅವತ್ತು ನಾನು..." ಎಂದು ಶುರು ಮಾಡಿದಳು.

"ಆಮೇಲೆ ಬೈಯಿರಿ. ಮೊದಲು ನೀರು ಕುಡೀರಿ," ಎಂದ ಅವನು.

ಕೆಂಪು ದೀಪ ಹತ್ತಿತು.

ಅವಳ ಕೈಯಲ್ಲಿದ್ದದ್ದು ಗಂಡನ ಪುಸ್ತಕ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲೆಲ್ಲ ಅವನು ಪೆನ್ಸಿಲಿನಿಂದ ಸಣ್ಣ ಗೆರೆ ಎಳೆಯುತ್ತಿದ್ದ. ಮುಂದೆ ಓದಬೇಕಾದ ಕೆಲವು ಪುಟಗಳಿಗೂ ಗೆರೆ ಎಳೆದಿಟ್ಟಿದ್ದ. ಅವಳು ಆ ಗೆರೆಗಳನ್ನೇ ಹಿಡಿದು ಓದಿದಳು. ಅವನು ನಿಂತಲ್ಲಿ ನಿಂತಳು. ಅವನು ಉಸಿರೆಳೆಯಬೇಕಿದ್ದಲ್ಲಿ ಉಸಿರೆಳೆದಳು.

ಪುಟ ತಿರುಗಿಸಿದಳು.

ಗೆರೆಗಳಿರಲಿಲ್ಲ. ಬರೀ ಅಕ್ಷರ.

ಅವಳ ದನಿ ನಿಂತುಹೋಯಿತು.

ರೇಡಿಯೋದಲ್ಲಿ ಮೌನಕ್ಕಿಂತ ದೊಡ್ಡ ತಪ್ಪಿಲ್ಲ. ಗಾಜಿನಾಚೆ ನಿರ್ದೇಶಕಿ ಧಾವಿಸಿ ಬಂದು ಸಂಗೀತದ ಗುಂಡಿಯ ಕಡೆ ಬೆರಳು ತೋರಿಸಿದರು. ಅದನ್ನು ಒತ್ತಿದರೆ ಓದು ಮುಗಿಯಿತು, ಇವತ್ತಿಗೂ ಎಂದೆಂದಿಗೂ.

ಸಂಪಾದಕ ಒತ್ತಲಿಲ್ಲ.

ಅವಳು ತಲೆ ಎತ್ತಿದಳು. ಅವನು ಅವಳನ್ನೇ ನೋಡುತ್ತಿದ್ದ. ಕೈ ಎದೆಯ ಮೇಲಿಟ್ಟು ನಿಧಾನವಾಗಿ ಉಸಿರೆಳೆದ, ನಿಧಾನವಾಗಿ ಬಿಟ್ಟ. ಅವಸರವಿಲ್ಲ ಎಂಬಂತೆ. ಇಡೀ ಊರು ಕಾಯಬಲ್ಲದು ಎಂಬಂತೆ.

ಅವಳೂ ಉಸಿರೆಳೆದಳು. ಅದು ಅವಳದೇ ಉಸಿರು.

"ಹುಡುಗಿ ಪೆಟ್ಟಿಗೆಯನ್ನು ಮೊದಲು ದೋಣಿಗೆ ಇಳಿಸಿದಳು," ಎಂದು ಓದಿದಳು. "ಆಮೇಲೆ ಕಾಲಿಟ್ಟಳು..."

ಹೊರಗೆ ಸ್ವಾಗತ ಕೊಠಡಿಯಲ್ಲಿ ಕೂತಿದ್ದ ಅತ್ತೆ ಟೈಲರ್ ಮಾಮನ ಭುಜಕ್ಕೆ ಪಟ್ಟನೆ ಹೊಡೆದರು. "ಹತ್ತಿದಳು! ನಾನು ಹೇಳಿರಲಿಲ್ವಾ?"

ಅಧ್ಯಾಯ ಮುಗಿಯಿತು. ಸ್ವಾಗತ ಕೊಠಡಿಯ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ನಿರ್ದೇಶಕಿ ಒಂದು ಕರೆ ತೆಗೆದುಕೊಂಡರು, ಇನ್ನೊಂದು ತೆಗೆದುಕೊಂಡರು, ಆಮೇಲೆ ರಿಸೀವರ್ ಕೈಯಲ್ಲಿ ಹಿಡಿದೇ ಅವಳಿಗೆ ಹೇಳಿದರು. "ನಾಳೆ ಬೇಗ ಬನ್ನಿ. ಗಂಟಲು ಜೋಪಾನ."

*

ಬಸ್ ನಿಲ್ದಾಣದವರೆಗೆ ಸಂಪಾದಕನೂ ಬಂದ. ಅತ್ತೆಗೆ ಇದ್ದಕ್ಕಿದ್ದಂತೆ ಟೈಲರ್ ಮಾಮನ ಜೊತೆ ನಡೆದೇ ಹೋಗಬೇಕೆನಿಸಿತು!

"ಅಷ್ಟು ದೂರನಾ ಅತ್ತೆ?"

"ನನ್ನ ಮಂಡಿ ಚೆನ್ನಾಗೇ ಇದೆ. ನೀನೇ ಅಲ್ವಾ ರಿಪೇರಿ ಮಾಡಿದ್ದು?" ಎಂದವರು ಅವಳ ಕೆನ್ನೆ ಸವರಿದರು. ಕಿವಿಯ ಹತ್ತಿರ ಬಾಗಿ, "ನನ್ನ ಮಗ ಇದ್ದಿದ್ರೆ ಇವತ್ತು ಕುಣೀತಿದ್ದ ಕಣೇ. ಬೇಗ ಬರಬೇಕಾಗಿಲ್ಲ," ಎಂದರು.

ಇಬ್ಬರೇ ಉಳಿದರು. ಬೆಂಚಿನ ಒಂದು ತುದಿಯಲ್ಲಿ ಅವಳು, ಪಕ್ಕದಲ್ಲಿ ಅವಳ ಚೀಲ. ಅವನು ನಿಂತೇ ಇದ್ದ.

"ನಾನು ಇಲ್ಲಿ ಕೆಲಸಕ್ಕೆ ಸೇರಿದ್ದು ಆಮೇಲೆ, ನಿಮ್ಮ ಯಜಮಾನರನ್ನ ನೋಡೇ ಇಲ್ಲ," ಎಂದ ಅವನು. "ಆದ್ರೆ ಅವರ ದನಿ ಜೊತೆ ದಿನಾ ಕೂತಿದ್ದೀನಿ. ಒಳ್ಳೇ ಮನುಷ್ಯ ಅಂತ ಗೊತ್ತು. ಅವರ ಜಾಗ ನನಗೆ ಬೇಡ. ಆದ್ರೂ... ನೀವಂದ್ರೆ ನನಗೆ ಇಷ್ಟ. ಹೇಳದೆ ಇರೋಕೆ ಆಗಲಿಲ್ಲ."

ಅವಳು ರಸ್ತೆ ನೋಡಿದಳು. ಎದೆಯೊಳಗೆ ಮರಗಟ್ಟಿದ್ದೇನೋ ನೋಯುತ್ತಿತ್ತು. ಜೋಮು ಹಿಡಿದ ಕಾಲಿಗೆ ರಕ್ತ ಹರಿಯುವಾಗ ನೋಯುವ ಹಾಗೆ. ಆ ನೋವು ಒಳ್ಳೆಯದು ಎಂದು ತನ್ನ ರೋಗಿಗಳಿಗೆ ಅವಳೇ ಎಷ್ಟು ಸಲ ಹೇಳಿರಲಿಲ್ಲ!

"ಅವರ ಜಾಗ ಖಾಲಿ ಇಲ್ಲ," ಎಂದಳು.

"ಗೊತ್ತು."

ಅವಳು ಚೀಲ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ಇಲ್ಲಿ ಖಾಲಿ ಇದೆ. ಕೂತ್ಕೊಳ್ಳಿ."

ಅವನು ಕೂತ. ಬಸ್ಸು ಬಂತು, ನಿಂತಿತು, ಹೋಯಿತು. ಇಬ್ಬರೂ ಏಳಲಿಲ್ಲ.

"ಥ್ಯಾಂಕ್ಸ್," ಎಂದಳು ಕೊನೆಗೆ.

"ಯಾತಕ್ಕೆ?"

"ಆ ಗುಂಡಿ ಒತ್ತದೇ ಇದ್ದಿದ್ದಕ್ಕೆ."

ಅವನು ನಕ್ಕ. "ನಿಜ ಹೇಳ್ಲಾ? ಕೈ ನಡುಗ್ತಿತ್ತು."

ಅವಳು ಅವನ ಕೈ ನೋಡಿದಳು. ಈಗಲೂ ನಡುಗುತ್ತಿತ್ತು.

"ಕೊಡಿ ಇಲ್ಲಿ," ಎಂದು ಅದನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. "ಇದು ನನ್ನ ಕೆಲಸ."