ಡಿಸ್ಕ್ ಮಾತ್ರ ಮುಟ್ಟಬೇಡಿ

"ಡಿಸ್ಕ್ ಮಾತ್ರ ಮುಟ್ಟಬೇಡಿ," ಎಂದ ಅವನು, ನಮಸ್ಕಾರಕ್ಕೂ ಮೊದಲೇ.

ಕಂಪ್ಯೂಟರಿನ ಕಪ್ಪು ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದಿದ್ದ. ಕೌಂಟರಿನ ಮೇಲೆ ಇಟ್ಟ ಮೇಲೂ ಒಂದು ಕೈ ಅದರ ಮೇಲೇ ಇತ್ತು. ಬೆರಳುಗಳ ತುದಿಯಲ್ಲಿ ಒಣಗಿದ ಅಂಟಿನ ಪದರ. ಹಿಂದಿನ ಬೀದಿಯಲ್ಲಿ ಪುಸ್ತಕ ಬೈಂಡಿಂಗ್ ಮಾಡುವವನು ಎಂದು ಚಿಪ್ಪಕ್ಕ ಗುರುತಿಸಿದಳು.

ಅವಳ ನಿಜವಾದ ಹೆಸರು ಬೀದಿಯವರಿಗೆ ಮರೆತೇಹೋಗಿತ್ತು. ಸುಟ್ಟ ಚಿಪ್ಪನ್ನು ಬಿಸಿ ಗಾಳಿಯಲ್ಲಿ ಕಿತ್ತು ಬೇರೆಯದನ್ನು ಕೂರಿಸುತ್ತಾಳೆಂದು ಯಾರೋ ಇಟ್ಟ ಹೆಸರು ಅದು. ಮದುವೆಯ ಮಾತೆತ್ತಿದರೆ ಚಿಪ್ಪಿನೊಳಗೆ ಸೇರಿಕೊಳ್ಳುತ್ತಾಳೆ, ಅದಕ್ಕೇ ಆ ಹೆಸರು ಎನ್ನುವುದು ಅಂಗಡಿಯ ಗಲ್ಲಾದಲ್ಲಿ ಕೂರುವ ಅವಳ ಚಿಕ್ಕಪ್ಪನ ವಾದ.

ಅವಳು ಪೆಟ್ಟಿಗೆ ಬಿಚ್ಚಿ ಟಾರ್ಚ್ ಹಿಡಿದಳು. ಬೋರ್ಡಿನ ಒಂದು ಮೂಲೆ ಕಪ್ಪಾಗಿತ್ತು. ಸುಡುವಾಗ ಪಕ್ಕದ ಗ್ರಾಫಿಕ್ಸ್ ಕಾರ್ಡನ್ನೂ ಸೆಳೆದುಕೊಂಡೇ ಹೋಗಿತ್ತು.

"ಇದು ಮುಗೀತು. ಮದರ್‌ಬೋರ್ಡ್ ಹೊಸದೇ ಹಾಕ್ಬೇಕು."

"ಹಾಕಿ. ಆದ್ರೆ ಜಾಸ್ತಿ ದುಬಾರಿ ಬೇಡ. ಇದ್ರಲ್ಲಿ ವಿಂಡೋಸ್ ಅಲ್ಲ, ಲಿನಕ್ಸ್ ಇದೆ. ನನ್ನ ಹೆಂಡ್ತಿ ಬೇರೆ ಏನೂ ಮುಟ್ಟಲ್ಲ."

ಮುಟ್ಟಲ್ಲ. ಹಾಗೆ ಹೇಳಿ ಅವನು ಬೀದಿಯ ಕಡೆ ನೋಡಿದ. ಚಿಪ್ಪಕ್ಕ ಅವನ ರೆಪ್ಪೆಗಳನ್ನು ಗಮನಿಸುತ್ತಿದ್ದವಳು ಚಟ್ಟನೆ ಸ್ಕ್ರೂಡ್ರೈವರ್ ಕಡೆ ತಿರುಗಿದಳು. ಮದುವೆಯಾದವನು. ಸರಿ.

ಚಿಕ್ಕಪ್ಪ ಅಷ್ಟರಲ್ಲಿ ಒಂದು ಬೋರ್ಡಿನ ಡಬ್ಬ ಇಳಿಸಿದ್ದರು. ಡಬ್ಬದ ಮೇಲೆ ಬೆಂಕಿ ಉಗುಳುವ ಪ್ರಾಣಿಯ ಚಿತ್ರ. "ತಗೊಳ್ಳಿ ಸಾರ್, ಬಂದು ಎರಡು ವಾರ ಆಗಿಲ್ಲ. ದೀಪ ಬೇರೆ ಹತ್ತುತ್ತೆ, ಏಳು ಬಣ್ಣ."

"ಅದು ಬೇಡ ಚಿಕ್ಕಪ್ಪ," ಎಂದಳು ಅವಳು. "ಅಷ್ಟು ಹೊಸ ಬೋರ್ಡ್ ಹಾಕಿದ್ರೆ ಇವರ ಹಳೇ ಲಿನಕ್ಸ್‌ಗೆ ಅದರ ಪರಿಚಯಾನೇ ಇರಲ್ಲ. ನೆಟ್‌ವರ್ಕ್ ಸಿಗಲ್ಲ, ಸೌಂಡ್ ಬರಲ್ಲ." ಹಿಂದಿನ ಕಪಾಟಿನಿಂದ ಒಂದು ಸಾದಾ ಡಬ್ಬ ತಂದಳು. "ಇದು ಸ್ವಲ್ಪ ಹಳೇ ಮಾಡೆಲ್ಲು. ಗ್ರಾಫಿಕ್ಸ್ ಒಳಗೇ ಇರೋ ಪ್ರೊಸೆಸರ್ ಕೂರಿಸ್ತೀನಿ. ಬೇರೆ ಕಾರ್ಡೇ ಬೇಡ. ಇದಕ್ಕೆ ಬೇಕಾದ ಡ್ರೈವರ್ ಸಾಫ್ಟ್‌ವೇರ್ ಎಲ್ಲ ಲಿನಕ್ಸ್ ಒಳಗೇ ಇದೆ. ನೋಡಿದ ತಕ್ಷಣ ಗುರುತು ಹಿಡಿಯುತ್ತೆ."

"ಡಿಸ್ಕ್ ಒಳಗಿರೋದು ಹೇಗಿತ್ತೋ ಹಾಗೇ ಏಳುತ್ತಾ?"

ಎಲ್ಲರೂ 'ಆನ್ ಆಗುತ್ತಾ' ಎಂದು ಕೇಳುತ್ತಿದ್ದರು. 'ಏಳುತ್ತಾ' ಎಂದು ಯಾರೂ ಕೇಳಿರಲಿಲ್ಲ. ಅವಳಿಗೆ ಯಾಕೋ ಮೈ ಜುಮ್ಮೆಂದಿತು.

"ಏಳುತ್ತೆ," ಎಂದಳು.

ಮೂರನೆಯ ದಿನ ಸಂಜೆ ಬೋರ್ಡು ಸಿದ್ಧವಾಯಿತು. ಚಿಕ್ಕಪ್ಪ ಟೀಗೆ ಹೋಗಿದ್ದರು. ಲಿನಕ್ಸ್ ಒಂದೂ ತಕರಾರಿಲ್ಲದೆ ಎದ್ದಿತ್ತು. ಸ್ಪೀಕರ್ ಮಾತ್ರ ಮೂಕ. ಹೊಸ ಗ್ರಾಫಿಕ್ಸ್ ಬಂದದ್ದೇ ಸದ್ದೆಲ್ಲ ಮಾನಿಟರಿನ ಕೇಬಲ್ ಹಿಡಿದು ಹೊರಟಿತ್ತು, ಮಾನಿಟರಿಗೆ ಬಾಯಿಯೇ ಇರಲಿಲ್ಲ. ಅವಳು ಸೆಟ್ಟಿಂಗ್ ತೆರೆದು ಸದ್ದಿನ ದಾರಿಯನ್ನು ಸ್ಪೀಕರ್ ಕಡೆಗೆ ಬದಲಿಸಿದಳು.

ಬೀದಿಯಲ್ಲಿ ಬೆಳಕು ಕರಗುತ್ತಿತ್ತು. ತಟ್ಟನೆ ಅಂಗಡಿಯೊಳಗೆ ಒಂದು ಹೆಣ್ಣುದನಿ ಮಾತಾಡಿತು.

"ಅಮ್ಮಾ, ಮಾತ್ರೆ ತಗೊಂಡ್ಯಾ? ಸುಳ್ಳು ಹೇಳ್ಬೇಡ."

ಆಮೇಲೆ ಒಂದು ಪುಟ್ಟ ನಗೆ. ರೆಕಾರ್ಡ್ ನಿಲ್ಲಿಸುವ ಮೊದಲೇ ತಡೆಯಲಾಗದೆ ಬಂದದ್ದು. ಅರ್ಧಕ್ಕೇ ಕತ್ತರಿಸಿಹೋಯಿತು.

ಚಿಪ್ಪಕ್ಕ ಬೆಚ್ಚಿ ತಿರುಗಿದಳು. ಬೈಂಡರ್ ಬಾಗಿಲಲ್ಲಿ ನಿಂತಿದ್ದ. ಚೌಕಟ್ಟನ್ನು ಹಿಡಿದ ಅವನ ಗೆಣ್ಣುಗಳು ಬೆಳ್ಳಗಾಗಿದ್ದವು.

"ನಿಮ್ಮನೆಯವರಾ? ಎಷ್ಟು ಚೆನ್ನಾಗಿ ನಗ್ತಾರೆ," ಎಂದಳು, ಹಗುರಾಗಿ ಮಾತಾಡಬೇಕೆಂದು. "ಅವರನ್ನೂ ಕರ್ಕೊಂಡು ಬರ್ಬೇಕಿತ್ತು."

"ಅವಳು ಹೋಗಿ ಎರಡು ವರ್ಷ ಆಯ್ತು."

"ಎಲ್ಲಿಗೆ?"

ಕೇಳಿದ ಮೇಲೆ ಅರ್ಥವಾಯಿತು. ಆ ಪ್ರಶ್ನೆಯನ್ನು ವಾಪಸು ನುಂಗಲು ಅವಳು ಏನು ಬೇಕಾದರೂ ಕೊಡುತ್ತಿದ್ದಳು. ಅವನು ಮಾತ್ರ ಬೇಸರಪಡಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತ.

"ಅದೇ ನಂಗೂ ಗೊತ್ತಿಲ್ಲ," ಎಂದ ಮೆಲ್ಲಗೆ. ಹೇಳುತ್ತಾ ಹೋದ. ಹೆಂಡತಿ ಪುಸ್ತಕಗಳ ಪುಟ ಜೋಡಿಸುತ್ತಿದ್ದಳು, ಅವನು ಹೊಲಿದು ರಟ್ಟು ಕಟ್ಟುತ್ತಿದ್ದ. ಜೊತೆಯಲ್ಲೇ ಇರುವ ತನ್ನ ಅಮ್ಮ ಮಾತ್ರೆ ಮರೆಯುತ್ತಾಳೆಂದು ದಿನಾ ಸಂಜೆ ಕಂಪ್ಯೂಟರೇ ಕೇಳುವಂತೆ ತನ್ನ ದನಿಯನ್ನು ಹಾಕಿಟ್ಟಿದ್ದಳು. ಅವಳು ಹೋದ ದಿನದ ಸಂಜೆಯೂ ಅದು ಕೇಳಿತು. ಮಾರನೆಯ ದಿನವೂ ಕೇಳಿತು. ಆ ಅಮ್ಮ, ಅವನ ಅತ್ತೆ, ಉತ್ತರ ಕೊಟ್ಟರು. ಈಗಲೂ ಕೊಡುತ್ತಾರೆ. ಬೋರ್ಡು ಸುಟ್ಟಾಗಿನಿಂದ ಅತ್ತೆ ಹಾಸಿಗೆ ಬಿಟ್ಟು ಏಳುತ್ತಿಲ್ಲ.

"ಅವರಿಗೋಸ್ಕರ ಇಟ್ಕೊಂಡಿದೀನಿ. ನಾನು ಆ ಹೊತ್ತಲ್ಲಿ ಮನೇಲಿರಲ್ಲ. ಬೀದಿ ಸುತ್ತಕ್ಕೆ ಹೋಗ್ತೀನಿ."

ಮಾರನೆಯ ಸಂಜೆ ಪೆಟ್ಟಿಗೆಯನ್ನು ಕೂರಿಸಲು ಚಿಪ್ಪಕ್ಕನೇ ಅವನ ಮನೆಗೆ ಹೋದಳು. ಕೆಳಗೆ ಬೈಂಡಿಂಗ್ ಕೋಣೆ, ಮೇಲೆ ಎರಡು ಕೋಣೆಗಳ ಮನೆ. ಕಿಟಕಿಯ ಬಳಿ ಕಂಪ್ಯೂಟರಿನ ಮೇಜು, ಎದುರಿನ ಕುರ್ಚಿಯ ಬೆನ್ನಿಗೆ ಹೆಂಗಸರ ಒಂದು ತೆಳು ಸ್ವೆಟರ್. ಯಾರೂ ಅದನ್ನು ತೆಗೆದಿರಲಿಲ್ಲ. ಅವಳು ಆ ಕುರ್ಚಿಯಲ್ಲಿ ಕೂರದೆ ಮೊಣಕಾಲೂರಿಯೇ ವೈರುಗಳನ್ನು ಜೋಡಿಸಿದಳು.

ಬೈಂಡರನ ಅತ್ತೆ ಗೋಡೆ ಹಿಡಿದು ಬಂದು ಎದುರಿಗೆ ಕೂತರು. ಸಣ್ಣ ಮುಖ, ಚೂಪು ಕಣ್ಣು.

"ಮದ್ವೆ ಆಗಿದ್ಯೇನಮ್ಮ?"

"ಇಲ್ಲಮ್ಮ."

"ಯಾಕೆ?"

"ಅಂಗಡಿಗೆ ಬರೋರೆಲ್ಲ ಕಂಪ್ಯೂಟರ್ ಮಾತ್ರ ಬಿಟ್ಟು ಹೋಗ್ತಾರೆ."

ಅತ್ತೆ ನಕ್ಕರು. ಬಾಗಿಲ ಬಳಿಯಿದ್ದ ಬೈಂಡರ್ ನಗುವನ್ನು ಮುಚ್ಚಿಕೊಳ್ಳಲು ಕೆಮ್ಮಿದ. ಅವಳ ಕಣ್ಣು ಅವನ ಕಣ್ಣಿಗೆ ತಾಗಿ, ಇಬ್ಬರೂ ಒಟ್ಟಿಗೇ ನೆಲ ನೋಡಿದರು. ಅತ್ತೆ ಅದನ್ನೂ ನೋಡಿದರು.

ಆಗಲೇ ದನಿ ಬಂತು. ಮಾತ್ರೆ ತಗೊಂಡ್ಯಾ? ಸುಳ್ಳು ಹೇಳ್ಬೇಡ. ಬೈಂಡರ್ ದಡದಡನೆ ಮೆಟ್ಟಿಲಿಳಿದು ಹೋದ.

"ತಗೊಂಡೆ ಕಣೇ, ತಗೊಂಡೆ," ಎಂದರು ಅತ್ತೆ, ಮಾನಿಟರಿನ ಕಡೆ ಮುಖ ಮಾಡಿ. ಆ ಅರ್ಧ ನಗೆ ಕೋಣೆಯಲ್ಲಿ ಆಡಿ ಮಾಯವಾಯಿತು. ಚಿಪ್ಪಕ್ಕನಿಗೆ ಕುರ್ಚಿಯ ಮೇಲಿನ ಸ್ವೆಟರನ್ನು ನೋಡಲು ಧೈರ್ಯ ಬರಲಿಲ್ಲ.

ಆಮೇಲೆ ಅವನು ಅಂಗಡಿಗೆ ಬರತೊಡಗಿದ. ಒಮ್ಮೆ ಕೀಬೋರ್ಡ್, ಒಮ್ಮೆ ಪೆನ್ ಡ್ರೈವ್. ಒಮ್ಮೆ ಮೌಸ್ ತಂದ.

ಚಿಕ್ಕಪ್ಪ ಅದನ್ನು ಮೂರು ಸಲ ಕ್ಲಿಕ್ ಮಾಡಿ ನೋಡಿದರು. "ಈ ಮೌಸು ನನಗಿಂತ ಆರೋಗ್ಯವಾಗಿದೆ ಸಾರ್. ನಿಮಗೇ ಏನೋ ಕೆಟ್ಟಿರೋ ಹಾಗಿದೆ." ಹೇಳಿ, ಬೇಡದ ಟೀ ಕುಡಿಯಲು ಹೊರಟುಹೋದರು.

"ಮೇಡಂ..." ಎಂದ ಬೈಂಡರ್.

"ಬೀದೀಲೆಲ್ಲ ಚಿಪ್ಪಕ್ಕ ಅಂತಾರೆ. ನೀವೊಬ್ರೇ ಮೇಡಂ ಅನ್ನೋದು."

"ನಿಮ್ಮನ್ನ ಅಕ್ಕ ಅನ್ನಕ್ಕೆ ನಂಗೆ ಬಾಯಿ ಬರಲ್ಲ."

ಅವಳ ಕೈಯಲ್ಲಿದ್ದ ಬ್ರಶ್ ನಿಂತಿತು. ಕಿವಿ ಬಿಸಿಯಾಯಿತು. ಅವನೂ ತಾನು ಹೇಳಿದ್ದಕ್ಕೆ ತಾನೇ ಗಾಬರಿಯಾದಂತೆ ಎದ್ದುನಿಂತ. ಹೊರಗೆ ಬೆಳಕು ಇಳಿಯುತ್ತಿತ್ತು. ಇಬ್ಬರಿಗೂ ಒಟ್ಟಿಗೇ ನೆನಪಾಯಿತು, ಈಗ ಆ ಮನೆಯಲ್ಲಿ ಅವಳು ಮಾತ್ರೆಯ ವಿಚಾರ ಕೇಳುತ್ತಿರುತ್ತಾಳೆ ಎಂದು. ಅವನು ಮೌಸ್ ಎತ್ತಿಕೊಂಡು ಹೊರಟ.

ಆ ದಿನಗಳಲ್ಲಿ ಚಿಪ್ಪಕ್ಕನಿಗೆ ಸಂಜೆಯೆಂದರೆ ದಿಗಿಲು. ಯಾರದೋ ಲ್ಯಾಪ್‌ಟಾಪ್ ಬಿಚ್ಚಿಟ್ಟುಕೊಂಡು ಕೂತವಳು ಹೊತ್ತಾಗುತ್ತಲೇ ಕಿವಿಗೊಡುತ್ತಿದ್ದಳು. ಸತ್ತವಳ ನಗೆ ಅವಳಿಗೆ ಬಾಯಿಪಾಠವಾಗಿತ್ತು, ಎಲ್ಲಿ ಏರಿ ಎಲ್ಲಿ ತುಂಡಾಗುತ್ತದೆಂದು ಗೊತ್ತಿತ್ತು. ಅದರ ಉಳಿದರ್ಧ ಹೇಗಿದ್ದೀತೆಂದು ಯೋಚಿಸುತ್ತಿದ್ದಳು. ಅವಳನ್ನು ಎಬ್ಬಿಸಿದ್ದು ಯಾರು? ತಾನೇ. ಸರಿಯಾದ ಬೋರ್ಡು ಆರಿಸಿ, ದನಿಗೆ ದಾರಿ ತೋರಿಸಿ, ಆ ಮನೆಗೆ ಹೊತ್ತುಕೊಂಡು ಹೋಗಿ ಕೂರಿಸಿ ಬಂದವಳು ತಾನೇ. ಈಗ ಹೊಟ್ಟೆಕಿಚ್ಚು ಪಟ್ಟರೆ ಯಾರನ್ನು ಬೈಯುವುದು?

ಒಂದು ಮಧ್ಯಾಹ್ನ ಅತ್ತೆಯೇ ಹೇಳಿಕಳಿಸಿದರು. ಬೈಂಡರ್ ಕಾಗದ ತರಲು ಹೋಗಿದ್ದ.

"ಆ ದನಿ ಆಫ್ ಮಾಡ್ಬಿಡಮ್ಮ," ಎಂದರು.

ಚಿಪ್ಪಕ್ಕ ಮಾನಿಟರಿನ ಕಡೆ ತಿರುಗಿದಳು.

"ಬೋರ್ಡ್ ಸುಟ್ಟಿತ್ತಲ್ಲ, ಆ ವಾರ ನಂಗೆ ಎಷ್ಟು ಹಾಯಾಗಿತ್ತು ಗೊತ್ತಾ? ಹಾಯಾಯ್ತಲ್ಲ ಅಂತಾನೇ ನಾಚ್ಕೆಯಾಗಿ ಮಲಗ್ಬಿಟ್ಟೆ. ಇವನು ನೋಡಿದ್ರೆ, ಅತ್ತೆ ಸೊರಗ್ತಿದಾರೆ ಅಂತ ಅದನ್ನ ಎತ್ಕೊಂಡು ಓಡಿದ. ದಿನಾ ಅವಳು ಕೇಳ್ತಾಳೆ. ದಿನಾ ನಾನು ಮಗಳನ್ನ ಹೊಸದಾಗಿ ಕಳ್ಕೋತೀನಿ. ಆದ್ರೂ ಉತ್ತರ ಕೊಡ್ತೀನಿ. ನಾನು ಸುಮ್ಮನಾದ್ರೆ ಇವನು ಒಡೆದು ಹೋಗ್ತಾನೇನೋ ಅಂತ."

"ಅವರೂ ನಿಮಗೋಸ್ಕರಾನೇ ಇಟ್ಕೊಂಡಿದಾರೆ ಅಮ್ಮ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹಾಗಾದ್ರೆ ಇನ್ನೂ ಸುಲಭ ಆಯ್ತು. ತೆಗಿ."

"ನನ್ ಕೈಯಲ್ಲಿ ಬೇಡಮ್ಮ."

"ಯಾಕೆ? ನಿಂಗೆ ಬರಲ್ವಾ?"

"ಒಂದು ನಿಮಿಷದ ಕೆಲಸ." ಅವಳು ಮಾನಿಟರಿಗೆ ಬೆನ್ನು ಹಾಕಿದಳು. "ನಂಗೆ ನಿಮ್ಮ ಅಳಿಯನ ಮೇಲೆ ಮನಸ್ಸಿದೆ. ಮನಸ್ಸಿಟ್ಕೊಂಡು ನಾನು ನಿಮ್ಮ ಮಗಳ ಬಾಯಿ ಮುಚ್ಚಿಸಬಾರದು."

ಅತ್ತೆ ಎದ್ದು ಬಂದರು. ಕುರ್ಚಿಯ ಬೆನ್ನಿನಿಂದ ಸ್ವೆಟರ್ ತೆಗೆದು ಮಡಚಿ ತೋಳಿನ ಮೇಲೆ ಹಾಕಿಕೊಂಡು, "ಕೂತ್ಕೋ," ಎಂದರು. "ಎಷ್ಟೊತ್ತು ನಿಂತೇ ಇರ್ತೀಯ."

ಅವಳು ಆ ಕುರ್ಚಿಯಲ್ಲಿ ಕೂತಳು. ಕೂತು ಅತ್ತಳು. ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟರು.

ಮಾರನೆಯ ದಿನ ಸಂಜೆಗೆ ಮುಂಚೆ ಬೈಂಡರ್ ಅಂಗಡಿಗೆ ಬಂದ. ಬರಿಗೈ. ಚಿಕ್ಕಪ್ಪ ಅವನನ್ನೂ ಅವಳನ್ನೂ ನೋಡಿ, "ನಾನು ಟೀ ಕುಡಿಯೋದು ಜಾಸ್ತಿ ಆಯ್ತು," ಎಂದು ಗೊಣಗುತ್ತಾ ಚಪ್ಪಲಿ ಮೆಟ್ಟಿದರು.

"ಅತ್ತೆ ಎಲ್ಲಾ ಹೇಳಿದ್ರು," ಎಂದ ಅವನು. ಅವನ ಕಣ್ಣು ಕೆಂಪಾಗಿತ್ತು. "ಬೆಳಿಗ್ಗೆ ಇಬ್ರೂ ಕೂತು ಆ ಟೈಮರ್ ತೆಗೆದ್ವಿ. ನನ್ನ ಕೈಲಾಗ್ಲಿಲ್ಲ, ಅವರೇ ಮೌಸ್ ಒತ್ತಿದ್ರು. ದನಿ ಅಳಿಸಿಲ್ಲ, ಡಿಸ್ಕಲ್ಲೇ ಇದೆ. ತಾನಾಗಿ ಕೇಳಲ್ಲ ಅಷ್ಟೇ."

"ಅಳಿಸ್ಬೇಡಿ. ಯಾವತ್ತೂ."

"ಎಲ್ಲಾ ಹೇಳಿದ್ರು ಅಂದೆನಲ್ಲ." ಅವನು ಕೌಂಟರಿನ ಅಂಚನ್ನು ಹಿಡಿದ. "ನೀವು ಹೇಳಿದ್ದನ್ನೂ. ಅದನ್ನ ನಾನೇ ಮೊದಲು ಹೇಳ್ಬೇಕಿತ್ತು. ಆ ಮೌಸ್ ತಂದ ದಿನಾನೇ ಹೇಳ್ಬೇಕು ಅಂತ ಬಂದಿದ್ದೆ. ಹೊತ್ತಾಗ್ಬಿಟ್ಟಿತು."

ಅವಳು ಟೇಬಲ್ಲಿನ ಮೇಲೆ ಬಿದ್ದಿದ್ದ ಸ್ಕ್ರೂಗಳನ್ನು ಸುಮ್ಮನೆ ಒಟ್ಟುಮಾಡಿದಳು. "ಈಗ ಹೇಳಿ."

"ನೀವು ಇಲ್ಲದ ದಿನ ನಂಗೆ ದಿನ ಅನ್ನಿಸ್ತಿಲ್ಲ." ಉಸಿರೆಳೆದುಕೊಂಡ. "ಆದ್ರೆ ಅವಳು ಇರ್ತಾಳೆ. ದನಿ ನಿಂತ್ರೂ ಇರ್ತಾಳೆ. ಹೋಗ್ತಾಳೆ ಅಂತ ನಿಮಗೆ ಮಾತು ಕೊಡಕ್ಕಾಗಲ್ಲ."

"ಹೋಗಲಿ ಅಂತ ನಾನು ಕೇಳಿದ್ನಾ?"

ಅವನು ತಲೆಯೆತ್ತಿದ. ಅವಳೂ ಈ ಸಲ ನೆಲ ನೋಡಲಿಲ್ಲ.

"ಒಂದೇ ಒಂದು ಕೇಳ್ತೀನಿ," ಎಂದಳು. "ಇವತ್ತು ಆ ಹೊತ್ತಿಗೆ ಬೀದಿ ಸುತ್ತಕ್ಕೆ ಹೋಗ್ಬೇಡಿ. ಮನೇಲಿರಿ. ನಾನೂ ಬರ್ತೀನಿ."

ಇಬ್ಬರೂ ಮೆಟ್ಟಿಲು ಹತ್ತಿ ಹೋದಾಗ ಅತ್ತೆ ಕಿಟಕಿಯ ಬಳಿ ಕೂತಿದ್ದರು. ಯಾರೂ ದೀಪ ಹಾಕಲಿಲ್ಲ. ಮೂವರೂ ಕೂತರು. ಬೆಳಕು ಮೇಜಿನಿಂದ ಇಳಿದು ನೆಲಕ್ಕೆ ಬಂತು, ನೆಲದಿಂದ ಗೋಡೆ ಹತ್ತಿ ಹೋಯಿತು. ಆ ಹೊತ್ತು ಬಂತು. ಕಂಪ್ಯೂಟರ್ ಏನೂ ಕೇಳಲಿಲ್ಲ. ಬೈಂಡರನ ಮೊಣಕಾಲು ಎದ್ದು ಓಡಲು ಹವಣಿಸುವುದು ಚಿಪ್ಪಕ್ಕನಿಗೆ ಪಕ್ಕದಲ್ಲೇ ತಿಳಿಯುತ್ತಿತ್ತು. ಅವನು ಏಳಲಿಲ್ಲ.

ಅತ್ತೆ ಇದ್ದಕ್ಕಿದ್ದಂತೆ ಮಾತಾಡಿದರು.

"ಅವಳು ಐದು ವರ್ಷದವಳಿದ್ದಾಗ ಒಂದ್ಸಲ ಮನೆಯಲ್ಲೇ ಬಚ್ಚಿಟ್ಕೊಂಡ್ಲು. ನಾವೆಲ್ಲ ಹೆದರಿ ಊರೆಲ್ಲ ಹುಡುಕಿ ಬಂದ್ವಿ. ಕೊನೆಗೆ ಬಟ್ಟೆ ಬೀರು ಒಳಗಿಂದ ಒಂದು ದನಿ, 'ಮಂಚದ ಕೆಳಗೂ ನೋಡಿ' ಅಂತ."

ಬೈಂಡರ್ ಈ ಕಥೆಯನ್ನು ಎಂದೂ ಕೇಳಿರಲಿಲ್ಲ. ಮೊದಲು ಅವನ ಭುಜ ಅಲುಗಿತು, ಆಮೇಲೆ ನಗು ಹೊರಬಂತು, ಜೊತೆಗೇ ಕಣ್ಣೀರೂ. ಚಿಪ್ಪಕ್ಕನೂ ನಕ್ಕಳು.

"ಆಮೇಲೆ? ಮಂಚದ ಕೆಳಗೆ ನೋಡಿದ್ರಾ?" ಎಂದಳು.

"ನೋಡಿದ್ವಮ್ಮ! ನಾಲ್ಕು ಜನ ದೊಡ್ಡೋರು ಬಗ್ಗಿ ನೋಡಿದ್ವಿ."

ಕತ್ತಲಲ್ಲಿ ಅವನ ಕೈ ಅವಳ ಕೈಯನ್ನು ಹುಡುಕಿ ಹಿಡಿಯಿತು. ಅತ್ತೆಗೆ ಕಂಡಿತೋ ಇಲ್ಲವೋ, ಅವರು ಕಥೆ ನಿಲ್ಲಿಸಲಿಲ್ಲ.